ಬೀಗ ಗಟ್ಟಿ ಇತ್ತು, ಕೊಂಡಿ ಕಿತ್ತು ಬಂತು: ಮನೆಗಳ್ಳತನದ ಸುದ್ದಿಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ. 2025ರ ಜನವರಿಯಲ್ಲಿ ಮಂಗಳೂರು ಹತ್ತಿರದ ಕೋಟೆಕಾರು. ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿ, ಸೆಪ್ಟೆಂಬರ್‌ನಲ್ಲಿ ಅದೇ ಜಿಲ್ಲೆಯ ಚಡಚಣ. ಒಂದು ವರ್ಷದೊಳಗೆ ಈ ನಾಲ್ಕು ಊರುಗಳಲ್ಲಿ ಬ್ಯಾಂಕು, ಸಹಕಾರಿ ಸಂಘಗಳಿಂದ ಕಿಲೋಗಟ್ಟಲೆ ಚಿನ್ನ ಹೋಯಿತು. ಇದರ ನಡುವೆ ದಿನಾ ಬೆಳಗ್ಗೆ ಪೇಪರ್ ತೆರೆದರೆ ಒಳಪುಟದಲ್ಲಿ ಒಂದಲ್ಲ ಒಂದು ಮನೆಗಳ್ಳತನದ ಸುದ್ದಿ. ಓದಿದವರಿಗೆ ದಿಕ್ಕು ತೋಚುವುದಿಲ್ಲ. ಬ್ಯಾಂಕೇ ಹೀಗಾದರೆ ಒಡವೆ ಎಲ್ಲಿಡೋದು? ಲಾಕರಿಂದ ಮನೆಗೆ ತರೋದಾ, ಮನೆಯದನ್ನು ಲಾಕರಿಗೆ ಹಾಕೋದಾ? ನಾಲ್ಕು ಕ್ಯಾಮೆರಾ ಹಾಕಿಸಿದರೆ ಸಾಕಾ?

ಭಯದಲ್ಲಿ ಮಾಡುವ ಖರ್ಚು ಎಷ್ಟೋ ಸಲ ತಪ್ಪು ಜಾಗಕ್ಕೆ ಹೋಗುತ್ತದೆ. ಯಾಕೆ ಅಂದರೆ ನಾವು ಹೆದರುವುದು ಮುಸುಕು ಹಾಕಿಕೊಂಡು ಬಂದೂಕು ಹಿಡಿದು ಬರುವವರಿಗೆ. ಮನೆಗೆ ಬರುವವನು ಮಾತ್ರ ಬಹಳಷ್ಟು ಸಲ ಬರೀ ಒಂದು ಕಬ್ಬಿಣದ ರಾಡ್ ಹಿಡಿದು, ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾನೆ. ಇಬ್ಬರನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಎಲ್ಲವೂ ದರೋಡೆಯಲ್ಲ

ಮೇಲೆ ಹೇಳಿದ ನಾಲ್ಕನ್ನೂ ನಾವು ಮಾತಿನಲ್ಲಿ 'ದರೋಡೆ' ಅಂದುಬಿಟ್ಟೆವು. ಹತ್ತಿರದಿಂದ ನೋಡಿದರೆ ಅವು ಬೇರೆ ಬೇರೆ.

ನ್ಯಾಮತಿಯಲ್ಲಿ ರಾತ್ರಿ ಹೊತ್ತು ಕಿಟಕಿಯ ಕಬ್ಬಿಣ ಕತ್ತರಿಸಿ ಒಳಗೆ ಇಳಿದರು. ಯಾರನ್ನೂ ಬೆದರಿಸಲಿಲ್ಲ, ಬೆದರಿಸಲು ಅಲ್ಲಿ ಯಾರೂ ಇರಲಿಲ್ಲ. ಸುಮಾರು 17 ಕಿಲೋ ಚಿನ್ನ ಹೋಯಿತು. ತಿಂಗಳುಗಳ ನಂತರ ಅದರಲ್ಲಿ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ ಸಿಕ್ಕಿತು. ಹೀಗೆ ಮುರಿದು ಒಳಗೆ ಬಂದು ಕದಿಯುವುದನ್ನು ಪೊಲೀಸರ ಭಾಷೆಯಲ್ಲಿ ಕನ್ನ ಕಳವು ಅನ್ನುತ್ತಾರೆ. ಮನಗೂಳಿಯಲ್ಲಿ ಸುಮಾರು 59 ಕಿಲೋ ಹೋಯಿತು. ಪೊಲೀಸರು ಹೇಳಿದ ಪ್ರಕಾರ ಅಲ್ಲಿ ಆರೋಪಿ ಅದೇ ಶಾಖೆಯ ಹಿಂದಿನ ಮ್ಯಾನೇಜರ್, ಬಳಸಿದ್ದು ನಕಲಿ ಕೀಲಿ. ಕೋಟೆಕಾರು ಮತ್ತು ಚಡಚಣದಲ್ಲಿ ಮಾತ್ರ ಆಯುಧ ತೋರಿಸಿ, ಸಿಬ್ಬಂದಿಯನ್ನು ಹೆದರಿಸಿ ದೋಚಿದರು.

ಕಾನೂನು ಈ ವ್ಯತ್ಯಾಸವನ್ನು ತುಂಬ ಗಂಭೀರವಾಗಿ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮನೆಯೊಳಗಿನ ಕಳ್ಳತನಕ್ಕೆ 305ನೇ ಕಲಂ, 7 ವರ್ಷದವರೆಗೆ ಶಿಕ್ಷೆ. ಕದಿಯುವುದಕ್ಕೆ ಅಂತ ಕನ್ನ ಹಾಕಿ ಒಳಗೆ ಬಂದರೆ 331ನೇ ಕಲಂ. ಹಗಲಾದರೆ 10 ವರ್ಷದವರೆಗೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಆದರೆ 14 ವರ್ಷದವರೆಗೆ. ಹೊಡೆದು ಬಡಿದು ಅಥವಾ ಹೆದರಿಸಿ ಕಿತ್ತುಕೊಂಡರೆ ಅದು ಸುಲಿಗೆ, 309ನೇ ಕಲಂ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಸುಲಿಗೆ ಮಾಡಿದರೆ ಡಕಾಯಿತಿ, 310ನೇ ಕಲಂ, ಅದಕ್ಕೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು.

ಇದೆಲ್ಲ ವಕೀಲರ ವಿಷಯ ಅನ್ನಿಸಬಹುದು, ಆದರೆ ಮನೆಯ ಮಟ್ಟಿಗೂ ಇದೇ ಮೂರು ದಾರಿ: ಮುರಿದು ಬರುವವನು, ಕೀಲಿ ಇರುವವನು, ಹೆದರಿಸಿ ನುಗ್ಗುವವನು. ಮುರಿದು ಬರುವವನನ್ನು ತಡೆಯುವುದು ಬಾಗಿಲು. ಕೀಲಿ ಇದ್ದವನ ಮುಂದೆ ಎಷ್ಟು ಗಟ್ಟಿ ಬಾಗಿಲಿದ್ದರೂ ಕೆಲಸಕ್ಕೆ ಬರುವುದಿಲ್ಲ. ಹೆದರಿಸಿ ನುಗ್ಗುವವನಿಗೆ ಬಾಗಿಲು ತೆರೆದುಕೊಡುವುದೇ ನಾವು. ಒಂದೇ ಉಪಾಯ ಮೂರಕ್ಕೂ ಆಗುವುದಿಲ್ಲ.

ಈಗ್ಯಾಕೆ ಇಷ್ಟು ಜಾಸ್ತಿ ಆತಂಕ?

ಒಂದು ಕಾರಣ ನೇರವಾಗಿದೆ, ಚಿನ್ನದ ಬೆಲೆ. 2020ರ ಆರಂಭದಲ್ಲಿ 10 ಗ್ರಾಂಗೆ 40 ಸಾವಿರದ ಆಸುಪಾಸಿದ್ದದ್ದು 2025ರ ಏಪ್ರಿಲ್‌ನಲ್ಲಿ 1 ಲಕ್ಷ ಮುಟ್ಟಿತು, ಆಮೇಲೆ ಅದನ್ನೂ ದಾಟಿ ಹೋಯಿತು. ಮನೆಯಲ್ಲಿ ಇದ್ದ ಅದೇ ಎರಡು ಸರ, ಅದೇ ನಾಲ್ಕು ಬಳೆ. ಹೊಸದೇನೂ ಕೊಂಡಿಲ್ಲ. ಆದರೂ 100 ಗ್ರಾಂ ಇದ್ದ ಮನೆಯಲ್ಲಿ 4 ಲಕ್ಷದ ಜಾಗದಲ್ಲಿ 10 ಲಕ್ಷಕ್ಕೂ ಜಾಸ್ತಿ ಕೂತಿದೆ. ಬಾಗಿಲು ಮಾತ್ರ ಹಳೆಯದೇ.

ಟಿವಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಕಷ್ಟ, ಮಾರುವುದು ಇನ್ನೂ ಕಷ್ಟ. ಚಿನ್ನ ಜೇಬಿನಲ್ಲಿ ಹಿಡಿಸುತ್ತದೆ. ಗಿರವಿ ಇಡಬಹುದು, ಕರಗಿಸಿದರೆ ಗುರುತೇ ಇರುವುದಿಲ್ಲ. ಹಾಗಾಗಿ ಕಳ್ಳ ಒಳಗೆ ಬಂದ ಮೇಲೆ ನಡುಮನೆಯಲ್ಲಿ ನಿಲ್ಲುವುದಿಲ್ಲ, ಸೀದಾ ಮಲಗುವ ಕೋಣೆಯ ಬೀರುವಿಗೆ ಹೋಗುತ್ತಾನೆ, ಆಮೇಲೆ ದೇವರ ಮನೆಯ ಬೆಳ್ಳಿಗೆ. ಬೀರುವಿನ ಕೀಲಿ ಬೀರುವಿನ ಮೇಲೋ, ಸೀರೆಗಳ ನಡುವೆಯೋ, ಹಾಸಿಗೆ ಕೆಳಗೋ ಇರುತ್ತದೆ ಅಂತ ಅವನಿಗೆ ಗೊತ್ತು. ನಮ್ಮೆಲ್ಲರ ಮನೆಯಲ್ಲೂ ಅಲ್ಲೇ ತಾನೇ ಇರುವುದು.

ಮನೆ ಖಾಲಿ ಅಂತ ಹೇಳುವುದು ಯಾರು?

ಕಳ್ಳನಿಗೆ ಬೇಕಾದ ಮೊದಲ ವಿಷಯ ಒಳಗೆ ಎಷ್ಟು ಚಿನ್ನ ಇದೆ ಅನ್ನುವುದಲ್ಲ, ಒಳಗೆ ಯಾರಾದರೂ ಇದ್ದಾರಾ ಅನ್ನುವುದು. ಅದನ್ನು ಅವನಿಗೆ ಹೇಳುವುದು ಮನೆಯ ಮುಂಭಾಗವೇ.

ಒಂದು ಬೀದಿಯನ್ನು ಬೆಳಗ್ಗೆ ಎಂಟು ಗಂಟೆಗೆ ನೋಡಿ. ಹತ್ತು ಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರೆ. ಹನ್ನೊಂದನೇ ಮನೆಯ ಮುಂದೆ ಮೂರು ದಿನದ ಹಿಂದಿನ ರಂಗೋಲಿ ಅರ್ಧ ಅಳಿಸಿ, ಅದರ ಮೇಲೆ ಒಣಗಿದ ಎಲೆ ಬಿದ್ದಿದೆ. ಗೇಟಿಗೆ ಸಿಕ್ಕಿಸಿದ ಪೇಪರ್ ಎರಡಾಗಿದೆ. ಹಗಲಲ್ಲೂ ಹೊರಗಿನ ಲೈಟು ಉರಿಯುತ್ತಿದೆ, ಚಪ್ಪಲಿ ಸ್ಟ್ಯಾಂಡ್ ಖಾಲಿ. ಇಷ್ಟರ ಮೇಲೆ ಮುಂಬಾಗಿಲಿಗೆ ದೊಡ್ಡದೊಂದು ಹಿತ್ತಾಳೆ ಬೀಗ, ರಸ್ತೆಗೇ ಕಾಣುವ ಹಾಗೆ. ಬೈಕಿನಲ್ಲಿ ಎರಡು ಸಲ ಆ ಬೀದಿ ಹಾದು ಹೋದವನಿಗೆ ಇನ್ನು ಯಾರನ್ನೂ ಕೇಳುವ ಅಗತ್ಯವೇ ಇಲ್ಲ. 'ಬಾಡಿಗೆಗೆ ಮನೆ ಇದೆಯಾ' ಅಂತ ಬೆಲ್ ಒತ್ತಿ ಖಾತ್ರಿ ಮಾಡಿಕೊಳ್ಳುವವರೂ ಇರುತ್ತಾರೆ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗುವ ಮನೆಗಳಿಗೆ ಹಗಲಲ್ಲೇ ಕನ್ನ ಬೀಳುತ್ತದೆ. ದಸರಾ, ದೀಪಾವಳಿ, ಬೇಸಿಗೆ ರಜೆ, ಊರ ಜಾತ್ರೆ, ಮದುವೆ ಸಮಯದಲ್ಲಿ ರಾತ್ರಿ. ಕಾರಣ ಎರಡಕ್ಕೂ ಒಂದೇ: ಮನೆಯವರು ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವ ಅಂದಾಜು ಹೊರಗಿನವನಿಗೂ ಸಿಗುತ್ತದೆ. ಪ್ರವಾಸದ ಫೋಟೋವನ್ನು ಅಲ್ಲಿಂದಲೇ ಸ್ಟೇಟಸ್‌ಗೆ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ, ಊರಿಗೆ ವಾಪಸ್ ಬಂದು ಹಾಕಿದರೆ ಆಯ್ತು.

ಹಾಗಾಗಿ ಪಕ್ಕದ ಮನೆಯವರಿಗೆ ಹೇಳಿ ದಿನಾ ಪೇಪರ್ ತೆಗೆಸುವುದು, ನಾಲ್ಕು ಎಳೆ ರಂಗೋಲಿ ಬಿಡಿಸುವುದು, ಹಾಲಿನವರಿಗೆ ಬೇಡ ಅನ್ನುವುದು ಇವೆಲ್ಲ ಅಜ್ಜಿ ಕಾಲದ ಸಲಹೆ ಥರ ಕಂಡರೂ ಕಳ್ಳ ಆರಿಸಿಕೊಳ್ಳುವ ಹಂತದಲ್ಲೇ ಕೆಲಸ ಮಾಡುತ್ತವೆ. ಖರ್ಚೂ ಇಲ್ಲ. ಗಂಟೆ ನೋಡಿ ತಾನೇ ಹತ್ತಿ ಆರುವ ಟೈಮರ್ ಸ್ವಿಚ್ಚನ್ನು ಒಳಗಿನ ಒಂದು ಲೈಟಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಬಾಗಿಲಿನಲ್ಲಿ ಸೋಲುವುದು ಬೀಗ ಅಲ್ಲ

ಕಳ್ಳತನ ಆದ ಮನೆಯ ಹೊಸ್ತಿಲ ಹತ್ತಿರ ಎಷ್ಟೋ ಸಲ ಕಾಣುವ ದೃಶ್ಯ ಇದು. ಬೀಗ ನೆಲದ ಮೇಲೆ ಬಿದ್ದಿರುತ್ತದೆ, ಆದರೆ ಅದು ಒಡೆದಿರುವುದಿಲ್ಲ. ಹಾಕಿದ ಹಾಗೇ ಇರುತ್ತದೆ. ಅದರ ಜೊತೆ ಕೊಂಡಿಯೂ ಕಿತ್ತು ಬಂದಿರುತ್ತದೆ, ಕೊಂಡಿಯ ತುದಿಯಲ್ಲಿ ಒಂದು ಇಂಚಿನ ನಾಲ್ಕು ಸ್ಕ್ರೂ, ಸ್ಕ್ರೂಗೆ ಅಂಟಿಕೊಂಡ ಮರದ ಪುಡಿ.

ಎರಡು ಸಾವಿರ ಕೊಟ್ಟು ತಂದ ಬೀಗ ಗಟ್ಟಿಯೇ ಇತ್ತು. ಆದರೆ ಅದು ನಿಂತಿದ್ದು ಆ ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ. ಬೀಗ ಸಿಕ್ಕಿಸುವ ಆಲ್ಡ್ರಾಪ್ ಚಿಲಕಕ್ಕೂ ಬಾಗಿಲಿಗೂ ನಡುವಿನ ಸಂದಿಗೆ ರಾಡ್ ತೂರಿಸಿ ಒಮ್ಮೆ ಮೀಟಿದರೆ ಸ್ಕ್ರೂ ಮರವನ್ನು ಬಿಟ್ಟು ಬರುತ್ತದೆ. ಹೆಚ್ಚು ಸದ್ದೂ ಆಗುವುದಿಲ್ಲ. ಕಳ್ಳನಿಗೆ ಬೇಡವಾದದ್ದು ಎರಡೇ, ಹೊತ್ತು ಮತ್ತು ಸದ್ದು. ನಮ್ಮ ಬಾಗಿಲು ಅವೆರಡನ್ನೂ ಉಳಿಸಿಕೊಡುತ್ತದೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಚಿಲಕವನ್ನು ಸ್ಕ್ರೂ ಬದಲು ಬಾಗಿಲಿನ ಆಚೆ ಈಚೆ ದಾಟಿ ಹೋಗುವ ಬೋಲ್ಟ್ ನಟ್ ಹಾಕಿ ಕೂರಿಸಬೇಕು, ನಟ್ ಒಳಬದಿಗೆ ಬರಬೇಕು. ಚೌಕಟ್ಟಿನಲ್ಲಿ, ಕರಾವಳಿಯವರು ದಾರಂದ ಅನ್ನುತ್ತಾರಲ್ಲ ಅದರಲ್ಲಿ, ಲಾಕಿನ ನಾಲಿಗೆ ಹೋಗಿ ಕೂರುವ ಕಡೆಯ ಲೋಹದ ಪಟ್ಟಿಗೆ ಉದ್ದ ಸ್ಕ್ರೂ ಹಾಕಬೇಕು. ಹೊರಗೆ ನೇತಾಡುವ ಬೀಗದ ಬದಲು ಬಾಗಿಲೊಳಗೇ ಕೂರುವ ಲಾಕ್ ಆದರೆ ಎರಡು ಲಾಭ: ಮೀಟಲು ಹಿಡಿತ ಸಿಗುವುದಿಲ್ಲ, ಮನೆಗೆ ಬೀಗ ಬಿದ್ದಿದೆ ಅಂತ ರಸ್ತೆಯಿಂದ ಗೊತ್ತೂ ಆಗುವುದಿಲ್ಲ. ಎಳೆದರೆ ತಾನಾಗೇ ಬೀಳುವ ಲ್ಯಾಚ್ ಇದ್ದರೆ ಅಷ್ಟಕ್ಕೇ ಬಿಟ್ಟು ಹೋಗಬೇಡಿ, ಕೀಲಿ ಹಾಕಿ ತಿರುಗಿಸಿ ಎರಡನೇ ಲಾಕ್ ಮಾಡಿ. ಮುಂದೆ ಒಂದು ಗ್ರಿಲ್ ಬಾಗಿಲು ಇದ್ದರೆ ಮುರಿಯುವ ಕೆಲಸ ಇಮ್ಮಡಿ ಆಗುತ್ತದೆ.

ಮುಂಬಾಗಿಲಿಗೆ ಸಾಗುವಾನಿ, ಹಿಂದಕ್ಕೆ ಪ್ಲೈವುಡ್. ಇದು ನಮ್ಮ ಮನೆ ಕಟ್ಟುವ ರೀತಿಯಲ್ಲೇ ಇರುವ ದೋಷ. ಯುಟಿಲಿಟಿ ಕಡೆಯ ಬಾಗಿಲು, ಟೆರೇಸಿನ ತಗಡಿನ ಬಾಗಿಲು, ಬಚ್ಚಲು ಮನೆಯ ಗಾಜಿನ ಪಟ್ಟಿಯ ಕಿಂಡಿ, ಇವುಗಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ಅರ್ಧ ಕಟ್ಟಿದ ಕಟ್ಟಡ ಇದ್ದರೆ ಟೆರೇಸಿಗೆ ದಾರಿ ಸಿಕ್ಕ ಹಾಗೇ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಬಾಗಿಲ ತಂಟೆಗೇ ಹೋಗದೆ ನಾಲ್ಕು ಹೆಂಚು ಸರಿಸಿ ಇಳಿಯುತ್ತಾರೆ. ಅಲ್ಲಿ ಮುಂಬಾಗಿಲಿಗೆ ಇನ್ನೊಂದು ಬೀಗ ಹಾಕಿ ಏನು ಪ್ರಯೋಜನ? ಒಡವೆ ಇಡುವ ಕೋಣೆಗಾದರೂ ಗಟ್ಟಿ ಮುಚ್ಚಿಗೆ ಅಥವಾ ಹೆಂಚಿನ ಕೆಳಗೆ ಕಬ್ಬಿಣದ ಬಲೆ ಬೇಕು. ಕೀಲಿಯನ್ನು ಹೂವಿನ ಕುಂಡದಲ್ಲೋ ಮೀಟರ್ ಬಾಕ್ಸಿನಲ್ಲೋ ಇಟ್ಟು ಹೋಗುವ ಅಭ್ಯಾಸ ಇದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಗ್ರಿಲ್ ವಿಷಯದಲ್ಲಿ ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ಗ್ರಿಲ್ ಹಾಕಿದ ಬಾಲ್ಕನಿಯಿಂದ ಹೊರಗೆ ಬರಲಾಗದೆ ಜೀವ ಹೋಯಿತು. ಕಳ್ಳ ಒಳಗೆ ಬರದ ಹಾಗೆ ಮಾಡಿದ್ದು ಮನೆಯವರು ಹೊರಗೆ ಹೋಗದ ಹಾಗೂ ಮಾಡುತ್ತದೆ. ಪ್ರತಿ ಮಹಡಿಯಲ್ಲಿ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತೆ ಇರಲಿ. ಅದರ ಕೀಲಿ ಒಳಗೇ, ಹೊರಗಿನಿಂದ ಕೈಗೆ ಎಟುಕದ ಆದರೆ ಕತ್ತಲಲ್ಲೂ ಸಿಗುವ ಜಾಗದಲ್ಲಿ ನೇತಾಡುತ್ತಿರಲಿ. ಮನೆಯ ಮಕ್ಕಳಿಗೂ ಅದು ಗೊತ್ತಿರಲಿ.

ಕ್ಯಾಮೆರಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕ್ಯಾಮೆರಾ ಬಗ್ಗೆ ಎರಡು ವಾದ ಇದೆ. ಪ್ರತಿ ಮನೆಗೂ ಕ್ಯಾಮೆರಾ ಬೇಕು ಅನ್ನುವವರು ಪತ್ತೆಯಾದ ಕೇಸುಗಳನ್ನು ತೋರಿಸುತ್ತಾರೆ. ಕ್ಯಾಮೆರಾ ಇದ್ದೂ ಏನೂ ಆಗಲಿಲ್ಲ ಅನ್ನುವವರು ಮಂಕಿ ಕ್ಯಾಪ್ ಹಾಕಿಕೊಂಡು ಬಂದು, ಹೋಗುವಾಗ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆ ಸಮೇತ ಹೊತ್ತೊಯ್ದ ಕೇಸುಗಳನ್ನು ತೋರಿಸುತ್ತಾರೆ. ಇಬ್ಬರ ಮಾತೂ ನಿಜ. ಕ್ಯಾಮೆರಾ ಮುಖ್ಯವಾಗಿ ಆಮೇಲೆ ಹುಡುಕುವುದಕ್ಕೆ ನೆರವಾಗುತ್ತದೆ, ಬಾಗಿಲನ್ನಂತೂ ಅದು ಕಾಯುವುದಿಲ್ಲ. ಹಣ ಇರುವುದು ಒಂದಕ್ಕೇ ಅಂದರೆ ಮೊದಲು ಬಾಗಿಲು, ಆಮೇಲೆ ಕ್ಯಾಮೆರಾ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಎರಡು ಮಾತಿಲ್ಲ.

ಇನ್ನು ಹಾಕಿಸಿದ್ದಾದರೂ ಸರಿಯಾಗಿ ಇರಬೇಕಲ್ಲ. ಎರಡನೇ ಮಹಡಿಯ ಸಜ್ಜೆಗೆ ಹಾಕಿದ ಕ್ಯಾಮೆರಾಗೆ ಬರೀ ತಲೆ ಕಾಣುತ್ತದೆ. ಒಂದಾದರೂ ಗೇಟಿನ ಹತ್ತಿರ ಮುಖ ಸಿಗುವ ಎತ್ತರದಲ್ಲಿರಬೇಕು. ಡಿವಿಆರ್ ಹಾಲಿನ ಟಿವಿ ಪಕ್ಕ ಬೇಡ, ಬೀಗ ಇರುವ ಅಟ್ಟದಲ್ಲೋ ಗೋಡೆ ಕಪಾಟಿನಲ್ಲೋ ಇರಲಿ. ಕರೆಂಟ್ ಹೋದರೂ ನಡೆಯಲು ಯುಪಿಎಸ್ ಬೇಕು. ಅದರಲ್ಲಿರುವ ತಾರೀಕು, ಗಂಟೆ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ, ತಪ್ಪು ಗಂಟೆ ತೋರಿಸುವ ದೃಶ್ಯ ಕೋರ್ಟಿನಲ್ಲಿ ತಕರಾರಿಗೆ ದಾರಿ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದು ತಾನಾಗೇ ಅಳಿಸಿ ಹೋಗುತ್ತದೆ. ಕಳ್ಳ ಬಂದ ರಾತ್ರಿಯದ್ದಷ್ಟೇ ಅಲ್ಲ, ಅದಕ್ಕೂ ಮುಂಚೆ ಮನೆ ನೋಡಿಕೊಂಡು ಹೋದ ದಿನಗಳದ್ದೂ ಪೊಲೀಸರಿಗೆ ಬೇಕಾಗುತ್ತದೆ. ಆದ್ದರಿಂದ ತಡ ಮಾಡದೆ ತೆಗೆದಿಡಬೇಕು. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡರೆ ನಿಮ್ಮ ಮನೆಯ ದೃಶ್ಯವನ್ನು ಬೇರೆಯವರೂ ನೋಡಬಹುದು. ಈ ಅಪಾಯ ಎಷ್ಟು ನಿಜ ಅಂದರೆ, 2025ರ ಏಪ್ರಿಲ್‌ನಿಂದ ಮಾರಾಟಕ್ಕೆ ಬರುವ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ.

ಊರಿಗೆ ಹೋಗುವಾಗ ಪೊಲೀಸರಿಗೆ ಹೇಳಬೇಕಾ?

ಹೇಳಿ ಅನ್ನುತ್ತಾರೆ ಪೊಲೀಸರು. ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಬೀಗ ಹಾಕಿದ ಮನೆಯ ಮಾಹಿತಿ ಕೊಡಬಹುದು, ಠಾಣೆಗೆ ಹೋಗಿಯೂ ಬರೆಸಬಹುದು. ಬೀಟ್ ಪೊಲೀಸರು ರಾತ್ರಿ ಆ ಕಡೆ ಒಂದು ಸುತ್ತು ಹಾಕುತ್ತಾರೆ ಅನ್ನುವುದು ಲೆಕ್ಕ. 2025ರ ಜುಲೈನಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಯೋಜನೆಯ ಉದ್ದೇಶವೂ ಬೀಟ್ ಪೊಲೀಸರಿಗೂ ಮನೆಯವರಿಗೂ ಮುಖ ಪರಿಚಯ ಇರಲಿ ಅನ್ನುವುದೇ.

ಜನರ ಅನುಮಾನಕ್ಕೂ ಕಾರಣ ಇದೆ. ಖಾಲಿ ಮನೆಗಳ ಪಟ್ಟಿಯೇ ಬೇರೆಯವರ ಕೈಗೆ ಸಿಕ್ಕರೆ? ಇರುವ ಸಿಬ್ಬಂದಿ ಬಂದೋಬಸ್ತಿಗೇ ಸಾಲದಿರುವಾಗ ನಮ್ಮ ಬೀದಿಗೆ ಯಾರು ಬರುತ್ತಾರೆ? ಎರಡನೇ ಪ್ರಶ್ನೆ ಗಟ್ಟಿಯಾದದ್ದು. ಹಬ್ಬದ ವಾರದಲ್ಲಿ ಒಂದೇ ಬಡಾವಣೆಯ ನೂರಾರು ಮನೆಗೆ ಬೀಗ ಬಿದ್ದಿದ್ದರೆ ಒಬ್ಬ ಬೀಟ್ ಪೊಲೀಸ್ ಎಷ್ಟು ನೋಡಲು ಸಾಧ್ಯ? ಮೊದಲನೆಯದಕ್ಕೆ ಉತ್ತರ ಸುಲಭ: ನಿಮ್ಮ ಮನೆ ಖಾಲಿ ಅನ್ನುವುದು ಕಳ್ಳನಿಗೆ ಆ ಪಟ್ಟಿ ಇಲ್ಲದೆಯೂ ಗೊತ್ತಾಗುತ್ತದೆ. ಹಾಗಾಗಿ ಹೇಳುವುದೇ ಮೇಲು. ಹೇಳಿದ ಮೇಲೆ ಪಕ್ಕದ ಮನೆಯವರಿಗೂ ಹೇಳಿ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಸದ್ದು ಕೇಳುವುದು ಅವರಿಗೆ.

ಮನೆಕೆಲಸದವರ ಮೇಲೆ ಮೊದಲ ಬೆರಳು

ಬೀಗ ಒಡೆಯದೆ ಕಳ್ಳತನ ಆದರೆ ಸಂಶಯ ಮೊದಲು ಹೋಗುವುದು ಮನೆಕೆಲಸದವರ ಮೇಲೆ. ಒಳಗಿನವರೇ ಕದಿಯುವುದು ಇಲ್ಲ ಅಂತಲ್ಲ. ಅದಕ್ಕಾಗಿಯೇ ನ್ಯಾಯ ಸಂಹಿತೆಯಲ್ಲಿ 306ನೇ ಕಲಂ ಇದೆ. ಆದರೆ ಕೀಲಿ ನೋಡಿದವರು ಅವರೊಬ್ಬರೇ ಅಲ್ಲ. ಹಿಂದಿನ ಬಾಡಿಗೆದಾರ, ಬಡಗಿ, ಪೇಂಟರ್, ಬ್ರೋಕರ್, ಕೆಲವೊಮ್ಮೆ ನೆಂಟರ ಹುಡುಗ. ನಕಲಿ ಕೀಲಿ ಮಾಡಿಸಲು ಹತ್ತು ನಿಮಿಷ ಸಾಕು. ಮನೆ ಬದಲಿಸಿದಾಗ, ದೊಡ್ಡ ರಿಪೇರಿ ಮುಗಿದಾಗ ಲಾಕ್ ಬದಲಿಸುವುದು ನಮ್ಮಲ್ಲಿ ಅಪರೂಪ.

ಪುರಾವೆ ಇಲ್ಲದೆ ಕೆಲಸದಾಕೆಯ ಹೆಸರು ಹೇಳಿದರೆ ಎರಡು ಕೆಡುಕು. ದಿನಗೂಲಿ ನಂಬಿದ ಒಬ್ಬಾಕೆ ಠಾಣೆ ಅಲೆಯುತ್ತಾಳೆ, ಬೀದಿಯಲ್ಲಿ ಎಲ್ಲ ಮನೆಯ ಕೆಲಸ ಕಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ನಿಜವಾದ ಕಳ್ಳನಿಗೆ ಒಡವೆ ಕರಗಿಸಲು ಬೇಕಾದ ಎರಡು ದಿನ ಸಿಕ್ಕಿರುತ್ತದೆ. ಪೊಲೀಸ್ ವೆರಿಫಿಕೇಷನ್ ಮಾಡಿಸಿ, ಗುರುತಿನ ಚೀಟಿಯ ಪ್ರತಿ, ಊರಿನ ವಿಳಾಸ ಇಟ್ಟುಕೊಳ್ಳಿ. ಆದರೆ ವೆರಿಫಿಕೇಷನ್ ಹೇಳುವುದು ಹಿಂದೆ ಕೇಸ್ ಇತ್ತಾ ಅಂತ ಮಾತ್ರ. ಬೀರುವಿನ ಕೀಲಿ ಎಲ್ಲರಿಗೂ ಕಾಣುವ ಹಾಗೆ ಇಡದಿರುವುದು ನಮ್ಮ ಕೈಯಲ್ಲೇ ಇದೆ.

ಇದೇ ಭಯ ಬೀದಿಗೆ ಬಂದರೆ ಇನ್ನೂ ಅಪಾಯ. 'ನಮ್ಮ ಏರಿಯಾಗೆ ಗ್ಯಾಂಗ್ ಬಂದಿದೆ' ಅನ್ನುವ ವಾಟ್ಸ್ಆ್ಯಪ್ ಸಂದೇಶಗಳು ಎಲ್ಲಿಗೆ ಮುಟ್ಟುತ್ತವೆ ಅಂತ 2018ರಲ್ಲಿ ನೋಡಿದ್ದೇವೆ. ಮಕ್ಕಳ ಕಳ್ಳರು ಅನ್ನುವ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ತಪ್ಪಿಲ್ಲದವರನ್ನು ಹೊಡೆದು ಕೊಂದರು. ಸಂಶಯ ಬಂದರೆ ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ, ಫಾರ್ವರ್ಡ್ ಮಾಡಬೇಡಿ.

ಮನೆಯೋ, ಲಾಕರೋ?

ಈಗ ಮೊದಲ ಪ್ರಶ್ನೆಗೆ ಬರೋಣ. ಇಲ್ಲಿ ಜನ ಎರಡು ಬೇರೆ ವಿಷಯಗಳನ್ನು ಬೆರೆಸುತ್ತಾರೆ. ನ್ಯಾಮತಿಯಲ್ಲಿ ಹೋಗಿದ್ದು ಸಾಲಕ್ಕೆ ಅಡವಿಟ್ಟ ಚಿನ್ನ. ಅದನ್ನು ಬ್ಯಾಂಕ್ ತೂಕ ಮಾಡಿ, ಬರೆದು ಪಡೆದಿರುತ್ತದೆ. ಆದ್ದರಿಂದ ಗಿರಾಕಿಗೆ ಬ್ಯಾಂಕ್ ಉತ್ತರ ಕೊಡಲೇಬೇಕು. ಲಾಕರ್ ಹಾಗಲ್ಲ. ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತೇ ಇರುವುದಿಲ್ಲ.

2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರಿನದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 3 ಸಾವಿರ ಇದ್ದರೆ 3 ಲಕ್ಷ. ಒಳಗೆ 300 ಗ್ರಾಂ ಇದ್ದರೆ, 10 ಗ್ರಾಂಗೆ 1 ಲಕ್ಷದ ಲೆಕ್ಕದಲ್ಲೇ ಅದು 30 ಲಕ್ಷ. ವ್ಯತ್ಯಾಸ ದೊಡ್ಡದು. ಇದನ್ನು ಕೇಳಿದ ಕೂಡಲೇ ಲಾಕರ್ ಖಾಲಿ ಮಾಡಲು ಓಡುವವರಿದ್ದಾರೆ. ಅದು ತಪ್ಪು ಲೆಕ್ಕ. ಮನೆಯಲ್ಲಿ ಹೋದರೆ 3 ಲಕ್ಷವೂ ಬರುವುದಿಲ್ಲ. ಅದಕ್ಕಿಂತ ಮುಖ್ಯ, ಮನೆಯಲ್ಲಿ ಚಿನ್ನ ಇದ್ದರೆ ಕಳ್ಳನ ಚಾಕುವಿಗೆ ಎದುರಾಗುವುದು ಮನೆಯವರ ಕತ್ತು.

ದಿನಾ ಹಾಕದ ಒಡವೆ ಲಾಕರಿನಲ್ಲಿರಲಿ, ಬ್ಯಾಂಕಿನ ಹೊಣೆ ಮೀರಿದ ಮೊತ್ತಕ್ಕೆ ಬೇಕಾದರೆ ಒಡವೆ ವಿಮೆ ಮಾಡಿಸಿ. ವಿಮೆಯಲ್ಲೂ ಪದಗಳ ಆಟ ಇದೆ. 2021ರಿಂದ ಎಲ್ಲ ಕಂಪನಿಗಳೂ ಕೊಡುವ 'ಭಾರತ್ ಗೃಹ ರಕ್ಷಾ' ಪಾಲಿಸಿ ಮೂಲತಃ ಬೆಂಕಿ, ನೆರೆ, ಭೂಕಂಪದಂಥ ಹಾನಿಗೆ. ಅಂಥ ಘಟನೆ ಆದ 7 ದಿನದೊಳಗಿನ ಕಳವಿಗೆ ಮಾತ್ರ ಅದು ಅನ್ವಯ. ಸಾಮಾನ್ಯ ಕಳ್ಳತನಕ್ಕೆ ಬೇರೆ ಕವರ್ ಬೇಕು. ಆ ಕವರಿನಲ್ಲೂ 'ಬಲಪ್ರಯೋಗದಿಂದ ಒಳಗೆ ಬಂದಿರಬೇಕು' ಅನ್ನುವ ಸಾಲು ಇದ್ದರೆ ನಕಲಿ ಕೀಲಿಯಿಂದ ಬಾಗಿಲು ತೆಗೆದು ಕದ್ದದ್ದಕ್ಕೆ ಹಣ ಬರುವುದು ಕಷ್ಟ. ಪಾಲಿಸಿಯಲ್ಲಿ ಬರೆದ ಅರ್ಥವೇ ಅಂತಿಮ ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಇಂಥದ್ದೇ ಕೇಸಿನಲ್ಲಿ ಹೇಳಿದೆ. ಕ್ರಿಮಿನಲ್ ಕಾನೂನಿನಲ್ಲಿ ಬೀಗ ತೆರೆದು ಬಂದರೂ ಕನ್ನವೇ, ವಿಮೆಯಲ್ಲಿ ಅಲ್ಲದಿರಬಹುದು. ಸಹಿ ಹಾಕುವ ಮುಂಚೆ ಆ ಒಂದು ಸಾಲನ್ನು ಹುಡುಕಿ ಓದಿ.

ನಾವು ಒಳಗಿರುವಾಗ ಬಂದರೆ

2024ರ ಜುಲೈನಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ವಯಸ್ಸಾದ ದಂಪತಿಯ ಮನೆಗೆ ನುಗ್ಗಿ ಹಲ್ಲೆ ಮಾಡಿ ದೋಚಿದವರು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಬಸ್ಸಿನಲ್ಲೇ ಸಿಕ್ಕಿಬಿದ್ದರು. ಸುದ್ದಿ ಬಸ್ಸಿಗಿಂತ ಮೊದಲೇ ಸಕಲೇಶಪುರ ಮುಟ್ಟಿತ್ತು. ಬೇಗ ತಿಳಿಸುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಎದುರಿಗೆ ಆಯುಧ ಇದ್ದಾಗ ಒಡವೆ ಕೊಟ್ಟುಬಿಡಿ, ಅವರು ಹೋದ ಕೂಡಲೇ 112.

ಇನ್ನೊಂದು ಬಗೆ ವೇಷ ಹಾಕಿ ಬರುವುದು. ಗ್ಯಾಸ್ ಚೆಕಿಂಗ್, ಚಿನ್ನ ಪಾಲಿಶ್ ಹಳೆಯದಾಯಿತು. 2025ರ ಜನವರಿಯಲ್ಲಿ ಬಂಟ್ವಾಳ ತಾಲ್ಲೂಕಿನ ಒಂದು ಮನೆಗೆ ಇ.ಡಿ. (ಜಾರಿ ನಿರ್ದೇಶನಾಲಯ) ಅಧಿಕಾರಿಗಳು ಅಂತ ಹೇಳಿಕೊಂಡು ಬಂದವರು ಲಕ್ಷಗಟ್ಟಲೆ ಹಣ ತೆಗೆದುಕೊಂಡು ಹೋದರು. ನಿಜವಾದ ಅಧಿಕಾರಿಗೆ ಗುರುತಿನ ಚೀಟಿ ತೋರಿಸಲು ಅಡ್ಡಿ ಇರುವುದಿಲ್ಲ. ಪೊಲೀಸರು ಶೋಧ ಮಾಡುವಾಗ ಸಾಕ್ಷಿಗಳಿರಬೇಕು, ಹೊಸ ಕಾನೂನಿನ ಪ್ರಕಾರ ವಿಡಿಯೊ ಚಿತ್ರೀಕರಣವೂ ಆಗಬೇಕು. ಗ್ರಿಲ್ ತೆಗೆಯುವ ಮುಂಚೆ 112ಕ್ಕೆ ಕರೆ ಮಾಡಿ ಖಾತ್ರಿ ಮಾಡಿಕೊಳ್ಳುವುದು ಅವಿಧೇಯತೆ ಅಲ್ಲ.

'ಕಳ್ಳನಿಗೆ ಹೊಡೆದರೆ ನಮ್ಮ ಮೇಲೇ ಕೇಸಾ?' ಅಂತ ತುಂಬ ಜನ ಕೇಳುತ್ತಾರೆ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ, ರಾತ್ರಿ ಕನ್ನ ಹಾಕಿ ನುಗ್ಗುವವನ ವಿಷಯದಲ್ಲಿ ಅದು ವಿಸ್ತಾರವಾಗಿಯೇ ಇದೆ. ಆದರೆ ತಡೆಯಲು ಎಷ್ಟು ಬೇಕೋ ಅಷ್ಟೇ. ಹಿಡಿದು ಕಟ್ಟಿಹಾಕಿದ ಮೇಲೆ ಬೀದಿಯವರೆಲ್ಲ ಸೇರಿ ಹೊಡೆದರೆ ಅದು ರಕ್ಷಣೆ ಅಲ್ಲ, ಬೇರೆಯದೇ ಅಪರಾಧ.

ಕಳುವಾದ ಮೇಲೆ

ಬಾಗಿಲು ಮೀಟಿದ್ದು ಕಂಡರೆ ಒಬ್ಬರೇ ಒಳಗೆ ಹೋಗಬೇಡಿ, ಅವನು ಇನ್ನೂ ಅಲ್ಲೇ ಇರಬಹುದು. ಚೆಲ್ಲಾಡಿದ ಸೀರೆ, ತೆರೆದ ಬೀರು ನೋಡಿದಾಗ ಎತ್ತಿಡೋಣ ಅನ್ನಿಸುತ್ತದೆ, ಕೈ ತಾನಾಗೇ ಹೋಗುತ್ತದೆ. ಮುಟ್ಟಬೇಡಿ. ಬೆರಳಚ್ಚು ಇರುವುದು ಅಲ್ಲೇ. ಶ್ವಾನದಳ, ಬೆರಳಚ್ಚಿನವರು ಬಂದು ಹೋಗಿ ಮಹಜರು ಮುಗಿಯಲಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಊರಿನಿಂದ ದೂರ ಇದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರಿನಲ್ಲಿ ಪ್ರತಿ ಒಡವೆಯ ತೂಕ ಗ್ರಾಂನಲ್ಲಿ ಬರಲಿ. ಆದಾಯ ತೆರಿಗೆಯವರಿಗೆ ಹೆದರಿ ಕಡಿಮೆ ಬರೆಸುವವರಿದ್ದಾರೆ, ಆಮೇಲೆ ಸೇರಿಸಲು ಹೋದರೆ ಅನುಮಾನ ಬರುತ್ತದೆ. ತೆರಿಗೆ ಶೋಧದ ವೇಳೆಯಲ್ಲೂ ಮದುವೆಯಾದ ಹೆಣ್ಣಿನ 500 ಗ್ರಾಂ, ಮದುವೆಯಾಗದ ಹೆಣ್ಣಿನ 250 ಗ್ರಾಂ, ಗಂಡಿನ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬೇಡಿ ಅಂತ 1994ರಿಂದಲೂ ಸೂಚನೆ ಇದೆ. ಅದಕ್ಕಿಂತ ಜಾಸ್ತಿ ಇರಬಾರದು ಅಂತ ಅದರ ಅರ್ಥ ಅಲ್ಲ, ಲೆಕ್ಕ ಇದ್ದರೆ ಸಾಕು.

ಬಿಲ್ ಇಲ್ಲದ ಅಜ್ಜಿಯ ಕಾಸಿನ ಸರಕ್ಕೆ ಮದುವೆ ಆಲ್ಬಂನ ಫೋಟೋವೇ ಆಧಾರ. 2023ರ ಏಪ್ರಿಲ್‌ನಿಂದ ಈಚೆಗೆ ಕೊಂಡ ಹಾಲ್‌ಮಾರ್ಕ್ ಒಡವೆಯಲ್ಲಿ ಆ ಒಡವೆಯೊಂದಕ್ಕೇ ಸೇರಿದ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ, ಎಚ್‌ಯುಐಡಿ ಕೆತ್ತಿರುತ್ತದೆ. ಅದನ್ನು ಇವತ್ತೇ ಒಂದು ಡೈರಿಯಲ್ಲಿ ಬರೆದು, ಒಡವೆಯ ಎರಡೂ ಬದಿಯ ಫೋಟೋ ತೆಗೆದು ಮನೆಯ ಹೊರಗೆ ಇನ್ನೊಬ್ಬರ ಹತ್ತಿರವೂ ಒಂದು ಪ್ರತಿ ಇಡಿ.

ಮಾಲು ಸಿಕ್ಕಿದೆ ಅಂತ ಠಾಣೆಯಿಂದ ಫೋನ್ ಬಂದರೆ ಕೇಸ್ ಮುಗಿಯುವವರೆಗೆ ವರ್ಷಗಟ್ಟಲೆ ಕಾಯಬೇಕು ಅಂತ ಹಲವರು ಸುಮ್ನೆ ಕೂರುತ್ತಾರೆ. ಹಾಗೇನಿಲ್ಲ. ಫೋಟೋ ತೆಗೆದು, ಪಟ್ಟಿ ಮಾಡಿ, ಬಾಂಡ್ ಬರೆಸಿಕೊಂಡು ಒಡವೆಯನ್ನು ಬೇಗ ವಾರಸುದಾರರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು, ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇದಕ್ಕೆ ದಿನಗಳ ಗಡುವನ್ನೂ ಹಾಕಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಒಂದು ಅರ್ಜಿ, ಜೊತೆಗೆ ಬಿಲ್ಲೋ ಫೋಟೋವೋ. ಕೋರ್ಟಿನ ಆದೇಶ ಸಿಕ್ಕರೆ ಒಡವೆ ಮನೆಗೆ ಬರುತ್ತದೆ, ಅದರ ಜಾಗದಲ್ಲಿ ಕೇಸಿನ ಕಡತದಲ್ಲಿ ಅದರ ಫೋಟೋ ಉಳಿಯುತ್ತದೆ. ವಿಚಾರಣೆ ಮುಗಿಯುವವರೆಗೆ ಅದನ್ನು ಮಾರುವಂತಿಲ್ಲ, ಕರಗಿಸುವಂತಿಲ್ಲ, ಕೋರ್ಟ್ ಕರೆದರೆ ತೋರಿಸಬೇಕು.